ಮಂಗಳೂರಿನ ಮಿಶನ್ ಶಾಲೆ ಊರಿನ ಶಾಲೆಯಾದ ಬಗೆ

ಕ್ರೈಸ್ತ ಆಡಳಿತದ ಖಾಸಗಿ ಶಾಲೆಗಳ ಸ್ಮರಣ ಸಂಚಿಕೆಗಳು ಬಹುಮಟ್ಟಿಗೆ ಸ್ಥಾಪಕರ ಭಾವಚಿತ್ರದಿಂದ ಆರಂಭವಾಗಿ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಮುಗಿಯುತ್ತವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಾಟೆಸ್ಟೆಂಟ್ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ತೆರೆದ ಶಾಲೆಯ ಮಟ್ಟಿಗೆ ಈ ಕ್ರಮ ಸಾಲದು. ಮತಪ್ರಚಾರದ ಉದ್ದೇಶದಿಂದ ತೆರೆದ ಶಾಲೆಯನ್ನು ಊರಿನವರು ತಮ್ಮದೆಂದು ಒಪ್ಪಿಕೊಂಡದ್ದು ಹೇಗೆ ಎಂಬ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುತ್ತದೆ.

ಬ್ರಿಟಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ನೆಲೆಸಲು 1833ರ ಸನ್ನದು ಕಾಯಿದೆ ದಾರಿ ಮಾಡಿಕೊಟ್ಟ ಮರುವರ್ಷವೇ ಬಾಸೆಲ್ ಮಿಶನ್ನಿನ ಸ್ಯಾಮ್ಯುವೆಲ್ ಹೆಬಿಕ್ ಮತ್ತು ಅವರ ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದರು. 1836ರಲ್ಲಿ ಕನ್ನಡ ಶಾಲೆಯೂ 1838ರಲ್ಲಿ ಇಂಗ್ಲಿಷ್ ಶಾಲೆಯೂ ಆರಂಭವಾದವು. ಇಂಗ್ಲಿಷ್ ಬಲ್ಲವರಿಗೆ ಸರ್ಕಾರಿ ಕಚೇರಿಗಳಲ್ಲಿ ನೌಕರಿ ಸಿಗುವ ಕಾಲವಾದ್ದರಿಂದ ಮೇಲ್ಜಾತಿಯ ಮನೆಗಳವರೂ ಮಕ್ಕಳನ್ನು ಅಲ್ಲಿಗೆ ಕಳುಹಿಸಿದರು. ಬೈಬಲ್ ಪಾಠವನ್ನು ಅವರು ಸಹಿಸಿಕೊಂಡರು ಎನ್ನುವುದೇ ಸರಿ. 1844ರಲ್ಲಿ ಅದೇ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಆ ಸಹನೆ ಮುಗಿಯಿತು, ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಕೌಂಡಿನ್ಯರು ಮುಂದೆ ಬಾಸೆಲ್‌ನಲ್ಲಿ ಓದಿ ಮಿಶನರಿಯಾಗಿಯೇ ಮರಳಿದರು. ಮಿಶನ್ನಿಗೆ ಇದು ಗೆಲುವಾಗಿದ್ದರೂ ಶಾಲೆಗೆ ಪೆಟ್ಟಾಯಿತೆಂದೇ ನನ್ನ ಎಣಿಕೆ.

ಕಳೆದುಹೋದ ವಿಶ್ವಾಸವನ್ನು ಮರಳಿ ತಂದದ್ದು ಉಪದೇಶವಲ್ಲ, ಅಚ್ಚುಮೊಳೆ ಮತ್ತು ಅನುದಾನ. 1841ರಲ್ಲಿ ಕಲ್ಲಚ್ಚಿನಿಂದ (ಲಿಥೋಗ್ರಾಫ್) ಆರಂಭವಾದ ಮಿಶನ್ ಮುದ್ರಣಾಲಯವು ಸುವಾರ್ತೆಯ ಜೊತೆಗೆ ಕನ್ನಡದ ಪಠ್ಯಪುಸ್ತಕಗಳನ್ನೂ ಗಾದೆಗಳ ಸಂಗ್ರಹವನ್ನೂ ಹೊರತಂದಿತು. ಇದೇ ಮಿಶನ್ನಿನ ಫರ್ಡಿನೆಂಡ್ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಅಲ್ಲಿಂದಲೇ. ಇನ್ನೊಂದು ಕಡೆ, ಲೌಕಿಕ ವಿಷಯಗಳನ್ನು ಚೆನ್ನಾಗಿ ಕಲಿಸಿ ಸರ್ಕಾರದ ತಪಾಸಣೆಗೆ ಒಪ್ಪುವ ಖಾಸಗಿ ಶಾಲೆಗಳಿಗೆ ಸಹಾಯಧನ ನೀಡಬೇಕೆಂದು ಕಂಪನಿ ಆಡಳಿತದ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷ ಚಾರ್ಲ್ಸ್ ವುಡ್ ಅವರ 1854ರ ಶಿಕ್ಷಣ ಪತ್ರವು ಸೂಚಿಸಿತು. ಇನ್‌ಸ್ಪೆಕ್ಟರರು ಪರೀಕ್ಷಿಸುತ್ತಿದ್ದುದು ಗಣಿತ, ಭೂಗೋಳ, ವ್ಯಾಕರಣಗಳನ್ನೇ ಹೊರತು ಧರ್ಮಬೋಧೆಯನ್ನಲ್ಲ. ಹೀಗಾಗಿ ಶಾಲೆಯ ವೇಳಾಪಟ್ಟಿಯನ್ನು ಮಿಶನ್ನಿನ ಹಂಬಲಕ್ಕಿಂತ ಸರ್ಕಾರದ ಪರೀಕ್ಷೆಯೇ ಹೆಚ್ಚು ರೂಪಿಸತೊಡಗಿತು.

ಪೈಪೋಟಿಯೂ ಬಂತು: 1880ರಲ್ಲಿ ಕ್ಯಾಥೊಲಿಕ್ ಸಂನ್ಯಾಸಿ ಸಂಘದವರಾದ ಜೆಸ್ವಿಟರು ಸಂತ ಅಲೋಶಿಯಸ್ ಸಂಸ್ಥೆಯನ್ನೂ 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನೂ ತೆರೆದರು. ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧಿಸಿ ಹೊರಗಟ್ಟಿದ ಮೇಲೂ ಶಾಲೆ ಮುಂದುವರಿಯಿತೆಂದರೆ ಅದಕ್ಕೆ ಸ್ಥಳೀಯ ಉಪಾಧ್ಯಾಯರೇ ಕಾರಣರೆಂದು ನಾನು ತಿಳಿಯುತ್ತೇನೆ. ಸ್ಮರಣ ಸಂಚಿಕೆಗಳಲ್ಲಿ ಇವರ ಹೆಸರುಗಳಿಗೆ ಸಿಗುವ ಜಾಗ ಮಾತ್ರ ತೀರ ಕಿರಿದು.

ಸಂವಿಧಾನದ 30ನೇ ವಿಧಿಯು ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅನುದಾನ ನೀಡುವಾಗ ಅವುಗಳಿಗೆ ತಾರತಮ್ಯ ಮಾಡಬಾರದೆಂದೂ ಹೇಳಿದೆ. ಆದರೆ ಇಂದು ಇಂಥ ಹಳೆಯ ಶಾಲೆಗಳನ್ನು ಕಾಡುತ್ತಿರುವುದು ಹಕ್ಕಿನ ಪ್ರಶ್ನೆಗಿಂತ ಹೆಚ್ಚಾಗಿ ನಿವೃತ್ತ ಶಿಕ್ಷಕರ ಜಾಗ ತುಂಬದಿರುವುದು ಮತ್ತು ಅನುದಾನಿತ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದು.