ಅಷ್ಟು ದುಡ್ಡು ಸುರಿದ ಕೋಚ್ ಏನು ಗೆದ್ದ?

ಮೇ ತಿಂಗಳು ಬಂತು, ಯುರೋಪಿನ ಫುಟ್‌ಬಾಲ್ ಸೀಸನ್ ಮುಗೀತು ಅಂದ್ರೆ ಒಂದೇ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. "ಆ ಕೋಚ್ ಆಟಗಾರರ ಮೇಲೆ ಅಷ್ಟು ದುಡ್ಡು ಸುರಿದನಲ್ಲ, ಏನು ಗೆದ್ದ? ಇಟ್ಕೋಬೇಕಾ, ಕಳಿಸ್ಬೇಕಾ?" ಆಫೀಸಲ್ಲಿ ಊಟದ ಹೊತ್ತಿಗೆ ಕೇಳುತ್ತಾರೆ. ಭಾನುವಾರ ಬೆಳಗ್ಗೆ ಟರ್ಫ್‌ನಲ್ಲಿ ಲೇಸ್ ಕಟ್ಟುವಾಗ ಕೇಳುತ್ತಾರೆ. ನನ್ನ ಅಕ್ಕನ ಮಗನಂತೂ ಮ್ಯಾಚ್ ಮುಗಿದ ಕೂಡಲೇ, ರಾತ್ರಿ ಎರಡೂವರೆ ಆಗಿರಲಿ ಮೂರಾಗಿರಲಿ, ವಾಟ್ಸಾಪ್‌ನಲ್ಲಿ ಕೇಳುತ್ತಾನೆ. ಇಷ್ಟು ದಿನ ಅರ್ಧಂಬರ್ಧ ಉತ್ತರ ಕೊಟ್ಟು ಮುಗಿಸುತ್ತಿದ್ದೆ. ಈಗ ಪೂರ್ತಿ ಬರೆಯುತ್ತೇನೆ.

ನಾನು ನೋಡುವುದು ಇಷ್ಟೇ. ಕೊನೆಯ ಒಂದು ರಾತ್ರಿಯನ್ನು ಪಕ್ಕಕ್ಕಿಟ್ಟು ಇಡೀ ಸೀಸನ್ ನೋಡಬೇಕು. ಆಮೇಲೆ ಆ ಚೆಕ್‌ಗೆ ಸಹಿ ಹಾಕಿದ್ದು ಯಾರು ಅಂತ ಕೇಳಬೇಕು. ಇದನ್ನು ನನಗೆ ಕಲಿಸಿದ್ದು ಕಂಠೀರವ ಸ್ಟೇಡಿಯಂ.

2018ರ ಮಾರ್ಚ್ 17. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್, ನಮ್ಮ ಊರಲ್ಲೇ, ಎದುರಿಗೆ ಚೆನ್ನೈಯಿನ್. ಬೆಂಗಳೂರು ಎಫ್‌ಸಿ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ ಬಂದ ಮೊದಲ ವರ್ಷ ಅದು. ಆಲ್ಬರ್ಟ್ ರೋಕಾ ಕೋಚ್. ಲೀಗ್ ಹಂತದ 18 ಮ್ಯಾಚ್‌ನಲ್ಲಿ 13 ಗೆದ್ದು 40 ಪಾಯಿಂಟ್, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಜಾಸ್ತಿ. ಒಂಬತ್ತನೇ ನಿಮಿಷಕ್ಕೇ ನಮ್ಮ ಸುನಿಲ್ ಛೆಟ್ರಿ ಗೋಲ್ ಹೊಡೆದಾಗ ನಮ್ಮ ಸಾಲಿನಲ್ಲಿ ಯಾರೂ ಕೂತಿರಲಿಲ್ಲ. ಆಮೇಲೆ ಒಂದು ಕಾರ್ನರ್, ಚೆನ್ನೈಯಿನ್‌ನ ಮೈಲ್ಸನ್ ಹೆಡರ್. ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ ಇನ್ನೊಂದು ಕಾರ್ನರ್, ಅದೇ ಮೈಲ್ಸನ್, ಅದೇ ಹೆಡರ್. ನನ್ನ ಪಕ್ಕದಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಒಬ್ಬರು ಆ ಎರಡನೇ ಗೋಲ್ ಆದಾಗ ಮಗುವನ್ನು ನಿಧಾನಕ್ಕೆ ಕೆಳಗಿಳಿಸಿ, ಅದರ ಕೊರಳಲ್ಲಿದ್ದ ನೀಲಿ ಸ್ಕಾರ್ಫ್ ಬಿಚ್ಚಿ ಮಡಚಿ ಜೇಬಿಗೆ ಹಾಕಿಕೊಂಡರು. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಗೆ 3-2, ಸೋತೆವು.

ಗೇಟ್‌ನಿಂದ ಹೊರಗೆ ಬರುವಾಗ ಸುತ್ತಮುತ್ತ ಕೇಳಿದ್ದು ಒಂದೇ ಮಾತು, ಕೋಚ್ ಸರಿ ಇಲ್ಲ, ಕಾರ್ನರ್ ಡಿಫೆಂಡ್ ಮಾಡೋಕೆ ಕಲಿಸಿಲ್ಲ. ನಾನೂ ಅದನ್ನೇ ಹೇಳಿದೆ. ಜೊತೆಗೆ ಬಂದಿದ್ದ ನಮ್ಮ ಮಾವ, ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೀಗ್ ಮ್ಯಾಚ್ ನೋಡಿಕೊಂಡೇ ದೊಡ್ಡವರಾದವರು, ಕಸ್ತೂರ್ಬಾ ರಸ್ತೆಗೆ ಬರೋವರೆಗೂ ಸುಮ್ಮನಿದ್ದರು. ಆಮೇಲೆ, "ನವೆಂಬರ್‌ನಿಂದ ಇದೇ ಕೋಚ್‌ನ ಹೊಗಳ್ತಾ ಇದ್ದೆಯಲ್ಲೋ. ಆವಾಗ ನೋಡಿದ್ದು ಸುಳ್ಳಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಕಾಲಕ್ಕೆ ಲೀಗ್‌ನಲ್ಲಿ ಮೊದಲು ಬಂದವರಿಗೆ ಆಮೇಲೆ ಕೊಡಲು ಶುರುಮಾಡಿದ ಶೀಲ್ಡ್ ಕೂಡ ಇರಲಿಲ್ಲ. ಹಾಗಾಗಿ ಆ ವರ್ಷದ ಐಎಸ್‌ಎಲ್‌ನಲ್ಲಿ ರೋಕಾ ಹೆಸರಿನ ಮುಂದೆ 'ರನ್ನರ್ ಅಪ್' ಅಂತ ಮಾತ್ರ ಉಳಿಯಿತು. ಅವರು ಹೋದರು. ಅವರ ಅಸಿಸ್ಟೆಂಟ್ ಆಗಿದ್ದ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆದರು. 2019ರ ಮಾರ್ಚ್ 17, ಸರಿಯಾಗಿ ಒಂದು ವರ್ಷಕ್ಕೆ, ಮುಂಬೈನಲ್ಲಿ ಗೋವಾ ಎದುರು ಫೈನಲ್. 117ನೇ ನಿಮಿಷದಲ್ಲಿ ಕಾರ್ನರ್, ರಾಹುಲ್ ಭೇಕೆ ಹೆಡರ್, ಕಪ್ ನಮ್ಮದು. ಹಿಂದಿನ ವರ್ಷ ಕಾರ್ನರ್‌ನಿಂದ ಸೋತವರು ಈ ವರ್ಷ ಕಾರ್ನರ್‌ನಿಂದ ಗೆದ್ದೆವು. ಕ್ವಾದ್ರಾತ್ ಒಳ್ಳೆಯ ಕೋಚ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಪ್‌ನಲ್ಲಿ ರೋಕಾ ಪಾಲು ಎಷ್ಟು? ನನ್ನ ಲೆಕ್ಕದಲ್ಲಿ ತುಂಬಾನೇ ಇದೆ. 2024-25ರಲ್ಲಿ ಕೋಚ್ ಆರ್ನೆ ಸ್ಲಾಟ್ ಬಂದ ಮೊದಲ ವರ್ಷವೇ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಲೀಗ್ ಗೆದ್ದುಕೊಟ್ಟಾಗಲೂ ನಾನು ಇದನ್ನೇ ಹೇಳಿದೆ. ಆ ವರ್ಷ ತಂಡಕ್ಕೆ ಬಂದು ಸೇರಿದ ಹೊಸ ದೊಡ್ಡ ಹೆಸರು ಕಿಯೇಸಾ ಒಬ್ಬರೇ, ಅವರೂ ಆಡಿದ್ದು ಕಮ್ಮಿ. ಮನೆ ಕಟ್ಟಿದ್ದು ಹಿಂದಿನ ಕೋಚ್ ಕ್ಲಾಪ್. ಇವರು ಅದನ್ನು ಕೆಡಿಸದೆ ಇನ್ನೂ ಚೆನ್ನಾಗಿ ಬಾಳಿದರು, ಅದೂ ದೊಡ್ಡ ಕೆಲಸವೇ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನಮ್ಮ ಬೆಂಗಳೂರಿನವರು ಎಡವೋದು ಇಲ್ಲೇ ಜಾಸ್ತಿ. ಕಾರಣ ಐಪಿಎಲ್. ಹರಾಜು ನೋಡಿ ನೋಡಿ ನಮಗೆ ಒಂದು ಅಭ್ಯಾಸ ಆಗಿಬಿಟ್ಟಿದೆ. 2025ರ ದೊಡ್ಡ ಹರಾಜಿನಲ್ಲಿ ಎಲ್ಲಾ ಹತ್ತು ತಂಡಕ್ಕೂ ಒಟ್ಟು ಮಿತಿ ಒಂದೇ, 120 ಕೋಟಿ. ಆರ್‌ಸಿಬಿ ಹೇಜಲ್‌ವುಡ್‌ಗೆ 12.5 ಕೋಟಿ ಕೊಟ್ಟಿತು, ಕೃಣಾಲ್ ಪಾಂಡ್ಯಗೆ 5.75 ಕೋಟಿ ಕೊಟ್ಟಿತು, ಅದೇ ಕೃಣಾಲ್ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಆದರು. ಅಲ್ಲಿ "ದುಡ್ಡು ಹಾಕಿದ್ದಕ್ಕೆ ಏನು ಬಂತು" ಅಂತ ಕೇಳೋದು ನ್ಯಾಯ, ಯಾಕಂದ್ರೆ ಎಲ್ಲರ ಜೇಬೂ ಒಂದೇ ಅಳತೆ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಒಬ್ಬರ ಜೇಬು ಇನ್ನೊಬ್ಬರದಕ್ಕಿಂತ ಮೂರು ಪಟ್ಟು ದೊಡ್ಡದಿರಬಹುದು. ಜೇಬಿನ ಅಳತೆ ನೋಡದೆ ಮಾರ್ಕ್ಸ್ ಕೊಟ್ಟರೆ ಅದು ತಪ್ಪು.

ಇನ್ನೊಂದು, ಪೇಪರ್‌ನಲ್ಲಿ ದಪ್ಪಕ್ಷರದಲ್ಲಿ ಬರುವ ಟ್ರಾನ್ಸ್‌ಫರ್ ಮೊತ್ತ, ಅಂದ್ರೆ ಆಟಗಾರನನ್ನು ಇನ್ನೊಂದು ಕ್ಲಬ್‌ನಿಂದ ಕೊಳ್ಳೋಕೆ ಕೊಡುವ ದುಡ್ಡು, ಪೂರ್ತಿ ಕಥೆ ಹೇಳೋದಿಲ್ಲ. ಕ್ಲಬ್‌ನ ಲೆಕ್ಕದಲ್ಲಿ ಅದನ್ನು ಒಪ್ಪಂದದ ವರ್ಷಗಳಿಗೆ ಹಂಚುತ್ತಾರೆ, ಹೆಚ್ಚುಕಮ್ಮಿ ನಮ್ಮ ಇಎಂಐ ಇದ್ದ ಹಾಗೆ. ಚೆಲ್ಸಿಯವರು 2023ರ ಜನವರಿಯಲ್ಲಿ ಎಂಜೊ ಫರ್ನಾಂಡಿಸ್‌ನ 10.68 ಕೋಟಿ ಪೌಂಡ್‌ಗೆ ತಂದರು, ಎಂಟೂವರೆ ವರ್ಷದ ಒಪ್ಪಂದ. ಭಾಗಿಸಿ ನೋಡಿ, ವರ್ಷಕ್ಕೆ ಸುಮಾರು ಒಂದೂಕಾಲು ಕೋಟಿ ಪೌಂಡ್ ಆಗುತ್ತದೆ. ಈ ದಾರಿಯಲ್ಲಿ ಎಲ್ಲರೂ ನುಗ್ಗಬಹುದು ಅಂತ ಗೊತ್ತಾಗಿ ಯುರೋಪಿನ ಫುಟ್‌ಬಾಲ್ ಆಡಳಿತ ಮಂಡಳಿ ಯುಇಎಫ್‌ಎ ಹಂಚಿಕೆಗೆ ಐದೇ ವರ್ಷ ಅಂತ ಮಿತಿ ಹಾಕಿತು, ಆಮೇಲೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ ಹಾಕಿತು. ಮಾರಿದ್ದನ್ನೂ ನೋಡಬೇಕು. 2018ರ ಜನವರಿಯಲ್ಲಿ ಲಿವರ್‌ಪೂಲ್ ವ್ಯಾನ್ ಡೈಕ್‌ಗೆ 7.5 ಕೋಟಿ ಪೌಂಡ್ ಕೊಟ್ಟಾಗ ಹುಚ್ಚು ಖರ್ಚು ಅಂತ ಬೈದವರು ಇದ್ದರು. ಅದೇ ತಿಂಗಳು ಕುಟಿನ್ಯೊನ ಬಾರ್ಸಿಲೋನಾಗೆ ಮಾರಿದ್ದರಿಂದ ಬಂದ ದುಡ್ಡು ಅದಕ್ಕಿಂತ ಎಷ್ಟೋ ಜಾಸ್ತಿ.

ಇದೆಲ್ಲಕ್ಕಿಂತ ನಾನು ಮೊದಲು ನೋಡೋದು ಸಂಬಳ. ಆಟಗಾರರಿಗೆ ವರ್ಷಕ್ಕೆ ಒಟ್ಟು ಎಷ್ಟು ಕೊಡುತ್ತಾರೆ ಅನ್ನೋದು. ಸ್ಟೀಫನ್ ಸಿಮಾನ್ಸ್‌ಕಿ ಅನ್ನೋ ಅರ್ಥಶಾಸ್ತ್ರಜ್ಞರು ಇಂಗ್ಲಿಷ್ ಕ್ಲಬ್‌ಗಳ ಎಷ್ಟೋ ವರ್ಷಗಳ ಲೆಕ್ಕಪತ್ರ ತೆಗೆದು ನೋಡಿ ತೋರಿಸಿದ್ದು ಇದನ್ನೇ. ಟೇಬಲ್‌ನ ಸ್ಥಾನಕ್ಕೆ ಹತ್ತಿರ ಹೊಂದೋದು ಸಂಬಳದ ಪಟ್ಟಿ, ಟ್ರಾನ್ಸ್‌ಫರ್ ಮೊತ್ತ ಅಷ್ಟಾಗಿ ಹೊಂದೋದಿಲ್ಲ. ಆದ್ದರಿಂದ ಸಂಬಳದಲ್ಲಿ ಆರನೇ ಸ್ಥಾನದ ಕ್ಲಬ್ ಆರನೆಯದಾಗಿ ಬಂದರೆ ಆ ಕೋಚ್ ಪಾಸ್. ನಾಲ್ಕನೆಯದಾಗಿ ಬಂದರೆ ಗಟ್ಟಿ ಕೋಚ್. ಎಲ್ಲರಿಗಿಂತ ಜಾಸ್ತಿ ಸಂಬಳ ಕೊಟ್ಟು ಎಂಟನೇ ಸ್ಥಾನ ಆದರೆ ಏನು ಗೆದ್ದರೂ ಏನೋ ಸರಿ ಇಲ್ಲ ಅಂತಲೇ ಅರ್ಥ. 2015-16ರ ಲೆಸ್ಟರ್ ಯಾಕೆ ಅಷ್ಟು ದೊಡ್ಡ ಸುದ್ದಿ ಅಂದ್ರೆ, ಅವರ ಸಂಬಳದ ಬಿಲ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಅರ್ಧದಷ್ಟೂ ಇರಲಿಲ್ಲ. ಅವರ ಕೋಚ್ ರಾನಿಯೇರಿ 81 ಪಾಯಿಂಟ್ ತೆಗೆದು ಲೀಗ್ ಗೆದ್ದರು. ಒಂಬತ್ತು ತಿಂಗಳಲ್ಲಿ ಅವರನ್ನೂ ತೆಗೆದುಹಾಕಿದರು ನೋಡಿ.

ಮೂರು ವರ್ಷ ಆದಮೇಲೆ ಕ್ಲಾಪ್ 97 ಪಾಯಿಂಟ್ ತೆಗೆದು ಲೀಗ್ ಸೋತರು. ಹಾಗಂತ ಅವರು ರಾನಿಯೇರಿಗಿಂತ ಕೆಟ್ಟ ಸೀಸನ್ ಮಾಡಿದರಾ? ಎದುರಾಳಿ 98 ತೆಗೆದರೆ ನೀವೇನು ಮಾಡ್ತೀರಿ! ಅದೇ ಕ್ಲಾಪ್ ಬಂದ ಮೊದಲ ವರ್ಷ ಎಂಟನೇ ಸ್ಥಾನ. ಆ ಮೇ ತಿಂಗಳಲ್ಲಿ ನಮ್ಮ ಟರ್ಫ್‌ನವರ ಕೈಗೆ ತೀರ್ಮಾನ ಬಿಟ್ಟಿದ್ದರೆ ಅವರನ್ನು ಜರ್ಮನಿಗೆ ವಾಪಸ್ ಕಳಿಸಿಬಿಡುತ್ತಿದ್ದರು.

ಇನ್ನು ಸಹಿ ಯಾರದ್ದು ಅನ್ನೋ ಪ್ರಶ್ನೆ. ಎವರ್ಟನ್ ಉದಾಹರಣೆ ನನಗೆ ತುಂಬಾ ಬೇಜಾರು ಮಾಡಿಸಿದ್ದು. ಮೂರು ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ನಷ್ಟ ಮಾಡಬಾರದು ಅಂತ ಪ್ರೀಮಿಯರ್ ಲೀಗ್‌ನಲ್ಲಿ ಆಗ ನಿಯಮ ಇತ್ತು, ಮಿತಿ 10.5 ಕೋಟಿ ಪೌಂಡ್. ಎವರ್ಟನ್ ಅದನ್ನು ಮೀರಿತು. 2023-24ರಲ್ಲಿ ಮೊದಲು 10 ಪಾಯಿಂಟ್ ಕಡಿತ, ಮೇಲ್ಮನವಿಯಲ್ಲಿ ಅದು 6 ಆಯಿತು, ಆಮೇಲೆ ಇನ್ನೊಂದು ಪ್ರಕರಣಕ್ಕೆ 2. ಒಟ್ಟು 8. ಟೇಬಲ್‌ನಲ್ಲಿ 40 ಪಾಯಿಂಟ್, 15ನೇ ಸ್ಥಾನ ಅಂತ ಕಾಣುತ್ತದೆ. ಆದರೆ ಕೋಚ್ ಶಾನ್ ಡೈಚ್‌ನ ಹುಡುಗರು ಮೈದಾನದಲ್ಲಿ ಬೆವರು ಸುರಿಸಿ ಸಂಪಾದಿಸಿದ್ದು 48. ಆ ಖರ್ಚು ನಡೆದಿದ್ದರಲ್ಲಿ ಹೆಚ್ಚಿನದು ಡೈಚ್ ಬರೋಕೆ ಮುಂಚೆ. ಅಪ್ಪ ಮಾಡಿದ ಸಾಲಕ್ಕೆ ಮಗನನ್ನು ಬೈದ ಹಾಗೆ, ಅಲ್ವಾ?

ಕೆಲವು ಸಲ ಸಹಿಯಲ್ಲಿ ಕೋಚ್ ಕೈಯೂ ಇರುತ್ತದೆ. ಆಗ ಯುನೈಟೆಡ್ ಕೋಚ್ ಆಗಿದ್ದ ಎರಿಕ್ ಟೆನ್ ಹಾಗ್ ಹಿಂದೆ ಡಚ್ ಕ್ಲಬ್ ಅಯಾಕ್ಸ್‌ನಲ್ಲಿ ತಾವೇ ಆಡಿಸಿದ್ದ ಆಂಟನಿಯನ್ನು ಯುನೈಟೆಡ್ 2022ರಲ್ಲಿ ಸುಮಾರು 8 ಕೋಟಿ ಪೌಂಡ್‌ಗೆ ತಂದಿತು. ಅದು ಕೈಕೊಟ್ಟಿತು. ಅಲ್ಲಿ ಕೋಚ್‌ನ ಕೇಳಲೇಬೇಕು. ಆದರೆ ಬೇಡ ಅನ್ನೋ ಅಧಿಕಾರ ಇದ್ದವರು ಯಾರೂ ಬೇಡ ಅನ್ನಲಿಲ್ಲವಲ್ಲ, ಅವರನ್ನು ಯಾರು ಕೇಳುತ್ತಾರೆ?

ಟೆನ್ ಹಾಗ್ ಕಥೆಯನ್ನು ಪೂರ್ತಿ ಹೇಳಲೇಬೇಕು, ಯಾಕಂದ್ರೆ ಕಂಠೀರವದ ಆ ರಾತ್ರಿಯನ್ನು ಅದು ತಿರುವಿ ಹಾಕಿದ ಹಾಗಿದೆ. 2023-24ರಲ್ಲಿ ಯುನೈಟೆಡ್ ಎಂಟನೇ ಸ್ಥಾನ, ಹೊಡೆದ ಗೋಲ್‌ಗಿಂತ ಬಿಟ್ಟುಕೊಟ್ಟ ಗೋಲ್ ಜಾಸ್ತಿ. ಕಳಿಸೋದು ಖಾತ್ರಿ ಅಂತ ಎಲ್ಲರೂ ಅಂದುಕೊಂಡಿದ್ದರು. ಮೇ 25ಕ್ಕೆ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 2-1ಕ್ಕೆ ಸೋಲಿಸಿದರು. ಜುಲೈನಲ್ಲಿ ಒಪ್ಪಂದ ಮುಂದುವರಿಸಿದರು. ಆ ಬೇಸಿಗೆಯಲ್ಲಿ ಡಿ ಲಿಖ್ಟ್, ಮಜ್ರಾವಿ ಅಂತ ಅಯಾಕ್ಸ್‌ನ ಹಳೇ ಶಿಷ್ಯರು, ಜೊತೆಗೆ ಜಿರ್ಕ್‌ಜೀ, ಯೊರೊ, ಉಗಾರ್ಟೆ, ಎಲ್ಲಾ ಸೇರಿ ಸುಮಾರು 20 ಕೋಟಿ ಪೌಂಡ್ ಖರ್ಚಾಯಿತು. ಅಕ್ಟೋಬರ್ 28ಕ್ಕೆ ಕೋಚ್‌ನ ಕಳಿಸಿದರು. ಕಳಿಸಿದ್ದಕ್ಕೇ ಒಂದು ಕೋಟಿ ಪೌಂಡ್‌ಗಿಂತ ಜಾಸ್ತಿ ಪರಿಹಾರ. 38 ಮ್ಯಾಚ್ ಹೇಳಿದ್ದನ್ನು ಒಂದೇ ಒಂದು ಮ್ಯಾಚ್ ಮರೆಸಿಬಿಟ್ಟಿತು. ಹೊಸ ಕೋಚ್ ಬಂದಾಗ ಅವರ ಆಟಕ್ಕೆ ಹೊಂದದ ಸ್ಕ್ವಾಡ್ ಕೈಗೆ ಬಂತು, ಆ ಸೀಸನ್ ಮುಗಿದಿದ್ದು 15ನೇ ಸ್ಥಾನದಲ್ಲಿ.

ಹಾಗಾದ್ರೆ ಟಾಟನ್‌ಹ್ಯಾಮ್? ಇದನ್ನೇ ಎಲ್ಲರೂ ಕೇಳೋದು. 2025ರ ಮೇ 21ಕ್ಕೆ ಬಿಲ್ಬಾವೊದಲ್ಲಿ ಅವರ ಕೋಚ್ ಪೋಸ್ಟೆಕೊಗ್ಲು ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್ ಗೆದ್ದುಕೊಟ್ಟರು. 17 ವರ್ಷದ ನಂತರ ಬಂದ ಮೊದಲ ಕಪ್. ಲೀಗ್‌ನಲ್ಲಿ ಮಾತ್ರ 38ರಲ್ಲಿ 22 ಸೋಲು, 17ನೇ ಸ್ಥಾನ. ಕಪ್ ಎತ್ತಿದ ಹದಿನಾರು ದಿನಕ್ಕೆ ಅವರನ್ನು ಕಳಿಸಿದರು. ಹೊಟ್ಟೆ ಉರಿಯಿತು ನನಗೆ. 18 ವರ್ಷ "ಈ ಸಲ ಕಪ್ ನಮ್ದೇ" ಅಂತ ಕಾದ ಊರಿನವರು ನಾವು. ಕಪ್ ಬಂದ ರಾತ್ರಿ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಖುಷಿಯನ್ನು ತಂದುಕೊಟ್ಟ ಮನುಷ್ಯನಿಗೆ ಟಾಟನ್‌ಹ್ಯಾಮ್‌ನವರು ಸಾಯೋವರೆಗೂ ಋಣಿಯಾಗಿರಬೇಕು, ಸ್ಟೇಡಿಯಂ ಹೊರಗೆ ಪ್ರತಿಮೆ ಮಾಡಿದರೂ ನಾನು ಸರಿ ಅನ್ನುತ್ತೇನೆ. ಆದರೆ ಕೋಚ್ ಕೆಲಸದಲ್ಲಿ ಮುಂದುವರಿಸಬೇಕಿತ್ತಾ ಅಂದರೆ, ಬೇಡ. ಸೆಂಟರ್ ಬ್ಯಾಕ್‌ಗಳು ತಿಂಗಳುಗಟ್ಟಲೆ ಗಾಯ ಆಗಿ ಕೂತಿದ್ದರು ಅನ್ನೋದನ್ನು ಲೆಕ್ಕಕ್ಕೆ ಹಿಡಿದರೂ 22 ಸೋಲು ಜಾಸ್ತಿಯೇ. ಒಂದು ರಾತ್ರಿ ಸೋತಿದ್ದಕ್ಕೆ ರೋಕಾ ಕೆಟ್ಟ ಕೋಚ್ ಆಗಲಿಲ್ಲ ಅಂತ ಹೇಳಿದ ಬಾಯಲ್ಲಿ, ಒಂದು ರಾತ್ರಿ ಗೆದ್ದಿದ್ದಕ್ಕೆ ಇವರ ಸೀಸನ್ ಒಳ್ಳೆಯದಾಯಿತು ಅಂತ ನಾನು ಹೇಗೆ ಹೇಳಲಿ?

ಲೆಕ್ಕ ಬಿಟ್ಟು ಕಣ್ಣಿಂದ ನೋಡೋದೂ ಒಂದಿದೆ. ಅದು ಮಾವನ ವಿದ್ಯೆ. ಅವರು ಎಪ್ಪತ್ತನೇ ನಿಮಿಷ ಆದಮೇಲೆ ಬಾಲ್ ನೋಡೋದೇ ಕಮ್ಮಿ, ಬೆಂಚ್ ಕಡೆ ನೋಡುತ್ತಾರೆ. ಇಳಿಯೋ ಹುಡುಗನಿಗೆ ಕೋಚ್ ಎಷ್ಟು ಹೊತ್ತು ಹೇಳಿಕೊಡುತ್ತಾನೆ, ಇಳಿದ ಮೇಲೆ ಅವನು ಸೀದಾ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಾನಾ ಅಥವಾ ಬೇರೆಯವರನ್ನು ಕೇಳಿಕೊಂಡು ಓಡಾಡುತ್ತಾನಾ, ಬದಲಾಗಿ ಹೊರಗೆ ಬಂದವನು ಕೋಚ್ ಕೈ ಹಿಡಿಯುತ್ತಾನಾ, ಮುಖ ತಿರುಗಿಸಿಕೊಂಡು ಹೋಗುತ್ತಾನಾ. "ವಾರಪೂರ್ತಿ ಪ್ರಾಕ್ಟೀಸ್‌ನಲ್ಲಿ ಏನು ನಡೆದಿದೆ ಅಂತ ಆ ಹತ್ತು ನಿಮಿಷದಲ್ಲಿ ಕಾಣುತ್ತೆ" ಅನ್ನುತ್ತಾರೆ. ನಾನೂ ಈಗ ಹಾಗೇ ನೋಡುತ್ತೇನೆ. ಜೊತೆಗೆ ಇನ್ನೊಂದು ಸೇರಿಸಿಕೊಂಡಿದ್ದೇನೆ, ಆಗಸ್ಟ್‌ನಲ್ಲಿ ಸಾಧಾರಣ ಆಗಿದ್ದ ಆಟಗಾರ ಮೇ ಹೊತ್ತಿಗೆ ಎಷ್ಟು ಸುಧಾರಿಸಿದ ಅಂತ. ಹೊಸಬನನ್ನು ಕೊಂಡು ತರೋದು ಮಾಲೀಕನ ಕೆಲಸ. ಇದ್ದವನನ್ನು ಬೆಳೆಸೋದು ಕೋಚ್ ಕೆಲಸ.

2025ರ ಏಪ್ರಿಲ್ 12ಕ್ಕೆ ನಮ್ಮ ಬೆಂಗಳೂರು ಎಫ್‌ಸಿ ಮತ್ತೆ ಐಎಸ್‌ಎಲ್ ಫೈನಲ್‌ನಲ್ಲಿತ್ತು. ಕೋಲ್ಕತ್ತದ ಸಾಲ್ಟ್ ಲೇಕ್, ಮೋಹನ್ ಬಗಾನ್ ಎದುರು. ಮೊದಲು ಮುನ್ನಡೆ ನಮ್ಮದೇ. ಆಮೇಲೆ ಪೆನಾಲ್ಟಿ, ಎಕ್ಸ್‌ಟ್ರಾ ಟೈಮ್, 2-1 ಸೋಲು. ವಿಸಿಲ್ ಊದಿ ಇನ್ನೂ ಐದು ನಿಮಿಷ ಆಗಿರಲಿಲ್ಲ, ಅಕ್ಕನ ಮಗನ ಮೆಸೇಜ್ ಬಂತು: "ಮಾಮ, ಈ ಕೋಚ್ ಬೇಡ." ಕೋಚ್ ಜೆರಾರ್ಡ್ ಜರಗೋಜಾ ಹಿಂದಿನ ಸೀಸನ್‌ನ ಮಧ್ಯದಲ್ಲಿ ಬಂದವರು. ಆ ವರ್ಷ ತಂಡ ಹನ್ನೆರಡರಲ್ಲಿ ಹತ್ತನೇ ಸ್ಥಾನ. ಈ ವರ್ಷ ಮೂರನೇ ಸ್ಥಾನ, ಮೇಲೆ ಫೈನಲ್.

ನಾನು ಜಾಸ್ತಿ ಬರೆಯಲಿಲ್ಲ. "ಹೋದ ವರ್ಷ 10, ಈ ವರ್ಷ 3" ಅಂತ ಕಳಿಸಿದೆ. ತುಂಬಾ ಹೊತ್ತು ಅವನು 'ಟೈಪಿಂಗ್' ಅಂತ ತೋರಿಸುತ್ತಿತ್ತು. ಕೊನೆಗೆ ಬಂದಿದ್ದು ಒಂದು ನೀಲಿ ಹಾರ್ಟ್.