ಬನ್ನಿ ಕಾರ್ಡು, ಪುಟ್ಟ ನೋಟ್‌ಬುಕ್ಕು: ಮೂರನೇ ವಾರದ ಲೆಕ್ಕ

ದಸರಾಕ್ಕೆ ಇನ್ನು 11 ದಿನ. ಆಗಬೇಕಿರುವುದು 25 ಕಸೂತಿ ಕಾರ್ಡು, 12 ಪುಟ್ಟ ನೋಟ್‌ಬುಕ್ಕು. ಇವತ್ತಿಗೆ ಕೈಯಲ್ಲಿರುವುದು 9 ಕಾರ್ಡು, 7 ನೋಟ್‌ಬುಕ್ಕು, ಜೊತೆಗೆ ರದ್ದಿಗೆ ಹಾಕಬೇಕಾದ ಒಂದು ದೊಡ್ಡ ಚೀಲ.

ಕಾಗದಕ್ಕೆ ನನಗೆ ಚಿಂತೆ ಇಲ್ಲ. ಗದಗನ್ನು ಮುದ್ರಣ ಕಾಶಿ ಅಂತ ಸುಮ್ನೆ ಕರೆಯುವುದಿಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಒಂದು ಪ್ರೆಸ್ ಇದೆ, ಅಲ್ಲಿ ಕ್ಯಾಲೆಂಡರ್, ಲಗ್ನಪತ್ರಿಕೆ ಕತ್ತರಿಸಿದ ಮೇಲೆ ಉಳಿಯುವ ಅಂಚಿನ ಪಟ್ಟಿಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿರುತ್ತಾರೆ, ಬೈಂಡಿಂಗ್ ಮಾಡುವ ಕಾಕಾ ಒಬ್ಬರು ನನಗೆ ಅಂತ ಅಗಲವಾದವನ್ನು ಆರಿಸಿ ಇಡುತ್ತಾರೆ. ರದ್ದಿ ರೇಟಿಗೇ ಕೊಡುತ್ತಾರೆ, ಮೇಲೆ ಚಹಾ ಕುಡಿಸಿ ಕಳಿಸುತ್ತಾರೆ.

ಮೊದಲ ವಾರ ಪೂರ್ತಿ ಹಾಳಾಗಿದ್ದು ಮಡಿಕೆಯಿಂದ. 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡು ಸಿಕ್ಕಿತ್ತು, ಮುಟ್ಟಿದರೆ ಜಾರುವಂಥ ನುಣುಪು, ಖುಷಿಯಲ್ಲಿ ಹತ್ತು ಮಡಚಿದೆ. ಹತ್ತರಲ್ಲೂ ಮಡಿಕೆಯ ಮೇಲೆ ಬಿಳಿ ಬಿರುಕು. ಒಣಗಿದ ಕೆರೆಯ ತಳ ನೋಡಿದ ಹಾಗೆ. ತೆಗೆದುಕೊಂಡು ಹೋಗಿ ಕಾಕಾಗೆ ತೋರಿಸಿದರೆ ನಕ್ಕರು. "ನೋಡ್ ತಂಗಿ, ಹಾಳಿಗೂ ಎಳಿ ಇರ್ತಾವ. ಅದರ ಕೂಡ ಹೋದ್ರ ಮಾತ ಕೇಳ್ತೈತಿ, ಅಡ್ಡ ಹೋದ್ರ ಸಿಟ್ಟಾಗ್ತೈತಿ" ಅಂದರು. ಕಾಗದ ಮಾಡುವಾಗ ನಾರು ಬಹುಪಾಲು ಒಂದೇ ದಿಕ್ಕಿಗೆ ಮಲಗಿಕೊಳ್ಳುತ್ತದಂತೆ, ಅದೇ ಎಳೆ. ತಿಳಿಯುವುದು ಕಷ್ಟವಲ್ಲ. ಹಾಳೆಯನ್ನು ಮಡಚದೆ ಸುಮ್ನೆ ಬಾಗಿಸಿ ನೋಡಬೇಕು, ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ, ಯಾವ ಕಡೆ ಕೈಗೆ ಕಡಿಮೆ ತಡೆ ಸಿಗುತ್ತದೋ ಆ ಕಡೆ ಮಡಿಕೆ ಬರಬೇಕು. ಅನುಮಾನ ಬಂದರೆ ಒಂದು ಚೂರು ಹರಿದು ನೋಡಿ. ಎಳೆಯ ಗುಂಟ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ.

ಇನ್ನೊಂದು ತಮಾಷೆ ಅಂದರೆ ಅಂಗಡಿಯಲ್ಲಿ ಸಿಗುವ ಎ4 ಹಾಳೆಯಲ್ಲಿ ಎಳೆ ಸಾಮಾನ್ಯವಾಗಿ 297 ಮಿ.ಮೀ. ಬದಿಯ ಉದ್ದಕ್ಕೆ ಇರುತ್ತದೆ. ನಾವೆಲ್ಲ ಅದನ್ನು ಅರ್ಧಕ್ಕೆ ಮಡಚಿ ಪುಸ್ತಕ ಮಾಡುತ್ತೇವಲ್ಲ, ಆಗ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ನನ್ನ ಹಳೇ ನೋಟ್‌ಬುಕ್ಕುಗಳು ಮೇಜಿನ ಮೇಲಿಟ್ಟರೆ ಬಾಯಿ ತೆರೆದುಕೊಂಡೇ ಕೂರುತ್ತಿದ್ದವು, ಕಾರಣ ಈಗ ಗೊತ್ತಾಯಿತು.

ಈಗ ಮಡಚುವ ಮೊದಲು ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಗೆರೆ ಒತ್ತುತ್ತೇನೆ, ಆಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ತೀಡುತ್ತೇನೆ. ಬಿರುಕು ಇಲ್ಲ. ಆರ್ಟ್ ಕಾರ್ಡನ್ನಂತೂ ಕೈಬಿಟ್ಟೆ. ಅದರ ಮೇಲೆ ಇಂಕ್ ಪೆನ್ನಿನಲ್ಲಿ ಬರೆದರೆ ಒಣಗುವುದೇ ಇಲ್ಲ, ಮಧ್ಯಾಹ್ನ ಬರೆದ ಹೆಸರು ಸಂಜೆ ನನ್ನ ಅಂಗೈಯಲ್ಲಿತ್ತು. ಈಗ 250 ಜಿಎಸ್‌ಎಂ ಐವರಿ ಕಾರ್ಡು.

ಇನ್ನು ಕಸೂತಿ. ಈ ಯೋಜನೆಯಲ್ಲಿ ನನ್ನ ನಿದ್ದೆ ತಿಂದಿದ್ದು ಇದೇ.

ಬಟ್ಟೆಯ ಮೇಲಾದರೆ ಎಳೆ ಎಣಿಸಿ ಹೊಲಿಯಬಹುದು. ಕಾರ್ಡಿನಲ್ಲಿ ಎಣಿಸಲು ಏನೂ ಇಲ್ಲ. ಅದಕ್ಕೆ ಗ್ರಾಫ್ ಹಾಳೆಯಲ್ಲಿ ಸಣ್ಣ ಗೋಪುರ ಬಿಡಿಸಿ, ಕಾರ್ಡಿನ ಮೇಲೆ ಕ್ಲಿಪ್ ಹಾಕಿ, ಕೆಳಗೆ ಹಳೇ ಪೇಪರ್ ಕಟ್ಟು ಇಟ್ಟು ಮೊದಲೇ ತೂತು ಚುಚ್ಚಿಕೊಂಡೆ. ಮೊದಲ ಸಲ ದಬ್ಬಣ ಹಿಡಿದು 2 ಮಿ.ಮೀ.ಗೆ ಒಂದು ತೂತು ಹಾಕಿದೆ, ನಾಜೂಕಾಗಿ ಕಾಣಲಿ ಅಂತ. ಹೊಲಿಯುತ್ತ ದಾರ ಎಳೆದಾಗ ಗೋಪುರದ ತಳದ ಸಾಲು ರೆವಿನ್ಯೂ ಸ್ಟಾಂಪಿನ ಅಂಚಿನಂತೆ ಸರ್ರನೆ ಹರಿದು, ಕಾರ್ಡಿನಲ್ಲಿ ಒಂದು ಕಿಟಕಿ ಆಯಿತು. ತಪ್ಪು ನನ್ನದೇ. ಸಾಲಾಗಿ ತೂತು ಹಾಕುವುದೇ ಕಾಗದ ಹರಿಯಲು ಅಲ್ವಾ? ಈಗ 4 ಮಿ.ಮೀ. ಅಂತರ, ಮನೆಯಲ್ಲಿದ್ದ ಅತಿ ಸಣ್ಣ ಸೂಜಿ, ಆರೆಳೆ ದಾರದಲ್ಲಿ ಎರಡೇ ಎಳೆ. ಗೋಪುರ ಸ್ವಲ್ಪ ದಪ್ಪಗಾಯಿತು, ಹರಿಯುವುದು ನಿಂತಿತು.

ಅವ್ವ ಕಸೂತಿ ನೋಡುವಾಗ ಮೊದಲು ತಿರುವಿ ಹಿಂಬದಿ ನೋಡುತ್ತಾಳೆ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ, ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಎಲ್ಲೂ ಇರಬಾರದು ಅನ್ನುವುದು ಅವಳ ಪಾಠ. ಉಳಿದೆರಡು, ನೇಯ್ಗೆ ಮತ್ತು ಮೆಂತೆ, ಹಾಗೆ ಬರುವುದಿಲ್ಲ, ಅದಕ್ಕೆ ಕಾರ್ಡಿಗೆ ಅವು ಬೇಡ. ನೇರ ಗೆರೆಗೆ ಗವಂತಿ, ಮೆಟ್ಟಿಲಿಗೆ ಮುರ್ಗಿ. ಹೋಗುವಾಗ ಒಂದು ಮನೆ (ಎರಡು ತೂತಿನ ನಡುವಿನ ಜಾಗ) ಬಿಟ್ಟು ಒಂದು ಮನೆ ಹೊಲಿಯುವುದು, ಬರುವಾಗ ಬಿಟ್ಟ ಮನೆ ತುಂಬುವುದು. ಕೇಳಲು ಸುಲಭ. ಆದರೆ ದಾರಿಯಲ್ಲಿ ಕವಲು ಬಂದರೆ ಆಗಲೇ ಒಳಗೆ ಹೋಗಿ ವಾಪಸ್ ಬಂದು ಮುಂದೆ ಸಾಗಬೇಕು. ನಾನು ಕಳಸದ ಕವಲು ಮರೆತು ಕೆಳಗಿನವರೆಗೂ ಬಂದುಬಿಟ್ಟಿದ್ದೆ. ಬಿಚ್ಚಿ ಮತ್ತೆ ಹೊಲಿದಾಗ ತೂತುಗಳು ಅಗಲವಾಗಿ ದಾರ ಸಡಿಲ ನಿಂತಿತು. ಕಾಗದಕ್ಕೆ ಒಂದೇ ಅವಕಾಶ. ಈಗ ಗ್ರಾಫಿನ ಮೇಲೆ ಪೆನ್ಸಿಲ್ಲಿನಲ್ಲಿ ಬಾಣದ ಗುರುತು ಹಾಕಿ, ಬೆರಳಿನಿಂದ ಒಮ್ಮೆ ದಾರಿ ಸವರಿ ನೋಡಿಯೇ ಸೂಜಿ ಎತ್ತುವುದು.

ಇದರಿಂದ ಒಂದು ಲಾಭವೂ ಆಯಿತು. ಹೊಲಿದ ಕಾರ್ಡಿನ ಒಳಬದಿ ಅಸಹ್ಯವಾಗಿರುತ್ತದೆ, ಮುಚ್ಚಲು ಇನ್ನೊಂದು ಹಾಳೆ ಅಂಟಿಸಬೇಕಾಗುತ್ತದೆ ಅಂತ ಅಂದಾಜು ಮಾಡಿದ್ದೆ. ಗವಂತಿಯಾದ್ದರಿಂದ ಒಳಗೆ ತೆರೆದರೂ ಅದೇ ಗೋಪುರ. ಗಂಟಿನ ವಿಷಯದಲ್ಲಿ ಮಾತ್ರ ಅವ್ವ ಒಪ್ಪಿಲ್ಲ. ಬಟ್ಟೆಯಲ್ಲಿ ದಾರದ ತುದಿ ಹೊಲಿಗೆಯಲ್ಲೇ ಅಡಗಿ ಕೂರುತ್ತದೆ, ಕಾಗದದಲ್ಲಿ ಜಾರುತ್ತದೆ, ಹಾಗಾಗಿ ಸಾಸಿವೆಯಷ್ಟು ಫೆವಿಕಾಲ್ ಹಚ್ಚುತ್ತೇನೆ. "ಅದು ಕಸೂತಿ ಅಲ್ಲ, ಅಂಟಿಸಿದ್ದು" ಅನ್ನುತ್ತಾಳೆ. ಇರಲಿ.

ಒಳಗೆ ಬನ್ನಿ ಎಲೆ ಇಡಬೇಕು ಅನ್ನುವುದು ಹಟ. ಪುಣೆ, ಬೆಂಗಳೂರಲ್ಲಿರುವ ಅಕ್ಕಂದಿರು, ಚಿಕ್ಕಪ್ಪನ ಮಕ್ಕಳು ಹಬ್ಬಕ್ಕೆ ಬರುವುದಿಲ್ಲ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುವುದನ್ನು ಬರೆದಾದರೂ ಕಳಿಸೋಣ ಅಂತ. ಹೋದ ವರ್ಷದ ಎಲೆಯನ್ನು ಅಂಟಿಸಿ ನೋಡಿದೆ, ಕಾರ್ಡು ತೆರೆದ ತಕ್ಷಣ ಜೀರಿಗೆ ಚೆಲ್ಲಿದ ಹಾಗೆ ಎಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಈಗ ಬಟರ್ ಪೇಪರಿನ ಚಿಕ್ಕ ಪೊಟ್ಟಣ ಮಾಡಿ, ಅದರೊಳಗೆ ಎಲೆ ಬಿಡಿಯಾಗಿ ಹಾಕಿ, ಪೊಟ್ಟಣವನ್ನು ಮಾತ್ರ ಅಂಟಿಸುತ್ತಿದ್ದೇನೆ. ಉದುರಿದರೂ ಒಳಗೇ ಉದುರಲಿ.

ನೋಟ್‌ಬುಕ್ಕಿನ ಕೆಲಸ ಇಷ್ಟು ತಲೆ ತಿನ್ನಲಿಲ್ಲ. ಮ್ಯಾಪ್‌ಲಿಥೋ (ಪುಸ್ತಕ ಅಚ್ಚು ಹಾಕುವ ಸಾದಾ ಕಾಗದ) ತುಂಡು 8 ಹಾಳೆ ಮಡಚಿ ಒಂದರೊಳಗೊಂದು ಸೇರಿಸಿದರೆ 32 ಪುಟ, ನಡುವೆ ಮೂರು ತೂತು. ಒಳಗಿನಿಂದ ನಡು ತೂತಲ್ಲಿ ಹೊರಗೆ, ಮೇಲಿನದರಲ್ಲಿ ಒಳಗೆ, ನಡುವಿನದನ್ನು ದಾಟಿ ಕೆಳಗಿನದರಲ್ಲಿ ಹೊರಗೆ, ವಾಪಸ್ ನಡು ತೂತಲ್ಲಿ ಒಳಗೆ ಬಂದು, ಉದ್ದ ದಾರವನ್ನು ಮಧ್ಯ ಹಿಡಿದು ಗಂಟು. ದಾರಕ್ಕೆ ಮೊದಲು ಮೇಣದ ಬತ್ತಿ ಉಜ್ಜಿಕೊಂಡರೆ ಗಂಟು ಜಾರುವುದಿಲ್ಲ. ಒಳಗಿನ ಹಾಳೆಗಳು ಹೊರಗಿನವಕ್ಕಿಂತ ಮುಂದೆ ಚಾಚಿಕೊಳ್ಳುತ್ತವೆ, ಆದ್ದರಿಂದ ಅಂಚು ಕತ್ತರಿಸುವುದು ಹೊಲಿದ ಮೇಲೆ. ಕಟರಿನಲ್ಲಿ ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ, ಹಗುರಾಗಿ ಹತ್ತು ಸಲ ಎಳೆಯಿರಿ.

ರಟ್ಟಿಗೆ ಗುಳೇದಗುಡ್ಡ ಖಣದ ತುಂಡು ಹೊದಿಸುತ್ತಿದ್ದೇನೆ, ಟೇಲರ್ ಹತ್ತಿರ ಕುಪ್ಪಸ ಹೊಲಿದು ಉಳಿದವು. ಮೊದಲೆರಡರಲ್ಲಿ ಅಂಟು ಬಟ್ಟೆಯಿಂದ ಹೊರಗೆ ಇಣುಕಿ, ನೀಲಿ ಖಣದ ಮೇಲೆ ಬಿಳಿ ಮಚ್ಚೆ ಬಂತು. ಕಾಕಾ ಹೇಳಿದ ಹಾಗೆ ಬಟ್ಟೆಯ ಹಿಂದೆ ಮೊದಲು ತೆಳು ಕಾಗದವನ್ನು ಮೈದಾ ಅಂಟಿನಲ್ಲಿ ಅಂಟಿಸಿ ಒಣಗಿಸಿ, ಆಮೇಲೆ ರಟ್ಟಿಗೆ ಹಚ್ಚಿದರೆ ಮಚ್ಚೆ ಇಲ್ಲ. ಹಳೇ ಬೈಂಡರ್‌ಗಳು ಆ ಅಂಟಿಗೆ ಹುಳ ಬೀಳದಂತೆ ಮೈಲುತುತ್ತ ಹಾಕುತ್ತಿದ್ದರು. ನಾನು ಹಾಕಿಲ್ಲ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅದು ವಿಷ. ಬೇಕಾದಷ್ಟೇ ಕಾಸಿ ಅವತ್ತೇ ಮುಗಿಸುತ್ತೇನೆ.

ಊರಾಚೆಯ ಕಾರ್ಡುಗಳು ಈ ಶನಿವಾರದೊಳಗೆ ಅಂಚೆಗೆ ಬೀಳಬೇಕು. ಒಂದು ಕಾರ್ಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿದೆ. ಎಂಟಕ್ಕೆ ತೂತು ಹಾಕಿ ಇಟ್ಟಿದ್ದೇನೆ, ಕೆಂಪು ದಾರ ಮುಗಿದಿದೆ. ನಿನ್ನೆ ರಾತ್ರಿ ನಾನು ಮಲಗಿದ ಮೇಲೆ ಅವ್ವ ಒಂದನ್ನು ಹಸಿರು ದಾರದಲ್ಲಿ ಹೊಲಿದಿಟ್ಟಿದ್ದಾಳೆ, ಫೆವಿಕಾಲ್ ಎಲ್ಲೂ ಕಾಣುತ್ತಿಲ್ಲ, ದಾರದ ತುದಿ ಎಲ್ಲಿ ಅಡಗಿಸಿದಳೋ ಬೆಳಗಿನಿಂದ ಹುಡುಕುತ್ತಿದ್ದೇನೆ.