ಬೇರೆ ದೇಶದ ತಂಡಕ್ಕೆ ಆಡುವಾಗ ಹೊರಗಿನವರು ಅನಿಸುವುದಿಲ್ಲವಾ?

ನಾನು ವಾಲಿಬಾಲ್ ಆಡುವುದು ನನ್ನದಲ್ಲದ ದೇಶದ ಒಂದು ಕ್ಲಬ್‌ಗೆ. ಇದು ಗೊತ್ತಾದವರೆಲ್ಲ ಹೆಚ್ಚು ಕಮ್ಮಿ ಒಂದೇ ಪ್ರಶ್ನೆ ಕೇಳುತ್ತಾರೆ. "ಹೋಂ ಮ್ಯಾಚ್ ಅಂದರೆ ಗ್ಯಾಲರಿ ತುಂಬ ಅಲ್ಲಿಯವರೇ ಇರ್ತಾರೆ. ಅವರು ಕೂಗೋದು ಅವರ ತಂಡಕ್ಕೆ. ಐದನೇ ಸೆಟ್ 13–13ರಲ್ಲಿ ನಿಂತಾಗ ನಿಮಗೆ ಅದು ನಮ್ಮ ಪಂದ್ಯ ಅನಿಸುತ್ತಾ, ಇಲ್ಲಾ ಬೇರೆಯವರ ಮನೆ ಮದುವೆಯಲ್ಲಿ ಓಡಾಡಿದ ಹಾಗಿರುತ್ತಾ?"

ಹೊರಗೆ ಹೋಗಿ ಆಡುವ ಆಸೆ ಇರುವ ಹುಡುಗರು ಇದನ್ನು ಕೇಳುವಾಗ ದನಿಯಲ್ಲಿ ಸ್ವಲ್ಪ ಹೆದರಿಕೆಯೂ ಇರುತ್ತದೆ. ಅದಕ್ಕೇ ಒಂದು ಸಲ ನಿಧಾನವಾಗಿ ಉತ್ತರ ಬರೆಯೋಣ ಅನಿಸಿತು.

ಚೆಂಡು ಗಾಳಿಯಲ್ಲಿ ಇರುವ ತನಕ ನಾನು ಹೊರಗಿನವನಲ್ಲ. ಆಟ ನಿಂತಾಗ ಹೊರಗಿನವನಾಗುತ್ತೇನೆ. ಪಂದ್ಯ ಬಿಗಿಯಾದಷ್ಟೂ ನನಗೂ ತಂಡಕ್ಕೂ ನಡುವಿನ ದೂರ ಕಮ್ಮಿಯಾಗುತ್ತದೆ. ಎಲ್ಲರೂ ಇದರ ಉಲ್ಟಾ ಊಹಿಸಿಕೊಂಡಿರುತ್ತಾರೆ. ಒತ್ತಡ ಏರಿದಾಗ ಎಲ್ಲರೂ ತಮ್ಮ ತಮ್ಮ ಭಾಷೆಗೆ ವಾಪಸ್ ಹೋಗುತ್ತಾರೆ, ಆಗ ಪರದೇಶದವನು ಒಂಟಿಯಾಗುತ್ತಾನೆ ಅಂತ. ವಾಲಿಬಾಲ್‌ನಲ್ಲಿ ಹಾಗಾಗುವುದಿಲ್ಲ.

ಅದಕ್ಕೆ ಕಾರಣ ಆಟದ ಕಟ್ಟಿನಲ್ಲೇ ಇದೆ. ಈ ಆಟದಲ್ಲಿ ಚೆಂಡನ್ನು ಹಿಡಿದು ಇಟ್ಟುಕೊಳ್ಳುವ ಹಾಗಿಲ್ಲ. ನೆಟ್ ಹತ್ತಿರ ಹಾರಿ ಕೈ ಅಡ್ಡ ಇಟ್ಟು ತಡೆಯುವ ಬ್ಲಾಕ್ ಬಿಟ್ಟರೆ ಮೂರು ಮುಟ್ಟು, ಅಷ್ಟರಲ್ಲಿ ಚೆಂಡು ಆಚೆ ಹೋಗಬೇಕು. ಒಬ್ಬನೇ ಸತತವಾಗಿ ಎರಡು ಸಲ ಮುಟ್ಟುವ ಹಾಗೂ ಇಲ್ಲ. ಫುಟ್‌ಬಾಲ್‌ನಲ್ಲಿ ಒಬ್ಬ ಹೊರದೇಶದ ಆಟಗಾರ ಚೆಂಡು ತಗೊಂಡು ನಾಲ್ಕು ಜನರನ್ನು ದಾಟಿ ಒಬ್ಬನೇ ಗೋಲು ಹೊಡೆಯಬಹುದು. ಇಲ್ಲಿ ಒಬ್ಬನೇ ಪೂರ್ತಿ ಮಾಡಬಹುದಾದ ಕೆಲಸ ಸರ್ವ್ ಒಂದೇ. ಅದಕ್ಕೂ ರೆಫರಿ ಸೀಟಿ ಊದಿದ ಮೇಲೆ 8 ಸೆಕೆಂಡು ಮಾತ್ರ. ಉಳಿದದ್ದೆಲ್ಲ ಪಕ್ಕದವನು ಕೊಟ್ಟಿದ್ದು, ಇಲ್ಲವೇ ಪಕ್ಕದವನಿಗೆ ಕೊಡಬೇಕಾದದ್ದು. ಇವನು ಎಲ್ಲಿಯವನು ಅಂತ ಯೋಚಿಸುವಷ್ಟು ಹೊತ್ತು ಯಾರ ಕೈಯಲ್ಲೂ ಇರುವುದಿಲ್ಲ.

ಇನ್ನು ನಮ್ಮ ಅಂಕಣ ಅನ್ನುವ ಭಾವನೆ. ಅದು ಮೊದಲು ಬರುವುದು ಕಣ್ಣಿಗೆ ಮತ್ತು ಕಾಲಿಗೆ. 18 ಮೀಟರ್ ಉದ್ದ, 9 ಮೀಟರ್ ಅಗಲ, ಗಂಡಸರ ನೆಟ್ 2.43 ಮೀಟರ್, ಹೆಂಗಸರ ನೆಟ್ 2.24 ಮೀಟರ್. ಈ ಅಳತೆ ಎಲ್ಲಿ ಹೋದರೂ ಒಂದೇ. ಆದರೆ ಗೆರೆಯ ಆಚೆಗಿನ ಜಾಗ ಪ್ರತಿ ಹಾಲ್‌ನಲ್ಲೂ ಬೇರೆ. ನಿಯಮದ ಪ್ರಕಾರ ಸುತ್ತ ಕನಿಷ್ಠ 3 ಮೀಟರ್ ಖಾಲಿ ಇರಬೇಕು, ಮೇಲೆ ಕನಿಷ್ಠ 7 ಮೀಟರ್ ಎತ್ತರಕ್ಕೆ ಏನೂ ಅಡ್ಡ ಇರಬಾರದು. ದೊಡ್ಡ ಅಂತರರಾಷ್ಟ್ರೀಯ ಕೂಟಗಳಲ್ಲಿ ಆ ಎತ್ತರ 12.5 ಮೀಟರ್. ನಮ್ಮ ಹಾಲ್ ದೊಡ್ಡದಲ್ಲ. ಹಿಂದಿನ ಗೋಡೆ ಹತ್ತಿರ. ಜಂಪ್ ಸರ್ವ್‌ಗೆ ಓಡಿ ಬರಲು ಎಷ್ಟು ಹೆಜ್ಜೆ ಜಾಗ ಇದೆ, ಚೆಂಡು ಮೇಲೆ ಎಸೆದಾಗ ಯಾವ ದೀಪದ ಬೆಳಕಿನಲ್ಲಿ ಅದು ಒಂದು ಕ್ಷಣ ಕಾಣೆಯಾಗುತ್ತದೆ, ಬೆಂಚಿನ ಕಡೆ ಚೆಂಡು ಹಾರಿದರೆ ಎಷ್ಟು ದೂರ ನುಗ್ಗಿ ಎತ್ತಬಹುದು, ಇದೆಲ್ಲ ಅಲ್ಲೇ ಅಭ್ಯಾಸ ಮಾಡಿದವರಿಗೆ ಗೊತ್ತು. ಎದುರು ತಂಡದವರು ಅದೇ ದೇಶದವರೇ ಇರಬಹುದು, ಆದರೂ ಅವರಿಗೆ ಈ ಹಾಲ್ ಹೊಸದು. ನನಗೆ ಹಳೆಯದು.

ಫ್ಲೋಟ್ ಸರ್ವ್ ಎದುರಿಸುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ತಿರುಗದೆ ಬರುವ ಚೆಂಡು ಗಾಳಿಯಲ್ಲಿ ಅತ್ತಿತ್ತ ಹೊಯ್ದಾಡುತ್ತದೆ. ಹಿಂದಿರುವ ಗೋಡೆಯ ಬಣ್ಣ, ಅಲ್ಲಿಯ ಗ್ಯಾಲರಿಯ ಅಂಚು, ಇವುಗಳ ಆಧಾರದ ಮೇಲೆಯೇ ಕಣ್ಣು ಅದರ ದೂರ ಅಳೆಯುತ್ತದೆ. ಗುರುತಿನ ಗೋಡೆ ಹಿಂದಿದ್ದರೆ ಚೆಂಡು ಸ್ವಲ್ಪ ಬೇಗ ಅರ್ಥವಾಗುತ್ತದೆ. ಹೋಂ ಪಂದ್ಯದ ಲಾಭದಲ್ಲಿ ಜನ ಕೂಗುವುದರಷ್ಟೇ ಪಾಲು ಇದಕ್ಕೂ ಇದೆ ಅಂತ ನನ್ನ ನಂಬಿಕೆ. ಜೊತೆಯವರ ಮಟ್ಟಕ್ಕೆ ಮಾತಾಡಲು ನನಗೆ ಇನ್ನೂ ಬಹಳ ಕಾಲ ಬೇಕು. ಆ ಗೋಡೆ ಮಾತ್ರ ಅವರಿಗೆಷ್ಟು ಪರಿಚಯವೋ ನನಗೂ ಅಷ್ಟೇ ಪರಿಚಯ.

ಈಗ ಗಲಾಟೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೊರಗಿನಿಂದ ನೋಡಿದವರಿಗೆ ಊಹಿಸುವುದು ಕಷ್ಟ.

ಎದುರಾಳಿ ಸರ್ವ್ ಮಾಡಲು ನಿಂತಾಗ ನಮ್ಮ ಪ್ರೇಕ್ಷಕರು ಡ್ರಮ್ ಬಡಿಯುತ್ತಾರೆ, ಸೀಟಿ ಹೊಡೆಯುತ್ತಾರೆ. ಅವನ ಗಮನ ಕೆಡಿಸಬೇಕು ಅನ್ನುವುದು ಅವರ ಉದ್ದೇಶ. ಆದರೆ ಅದೇ ಹೊತ್ತಿನಲ್ಲಿ ಚೆಂಡು ತಗೊಳ್ಳಲು ನಿಂತಿರುವವರು ನಾವು. ನನ್ನದು, ನಿನ್ನದು, ಬಿಡು, ಹೊರಗೆ ಅಂತ ಒಬ್ಬರಿಗೊಬ್ಬರು ಕೂಗಿ ಹೇಳಬೇಕಾದ ಕ್ಷಣವೂ ಅದೇ. ಜೋರಾದ ಜಂಪ್ ಸರ್ವ್ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಕೈಯಲ್ಲಿ ಇರುವುದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಆ ಸದ್ದಿನಲ್ಲಿ ಯಾವ ಭಾಷೆಯಲ್ಲಿ ಕೂಗಿದರೂ ಎರಡು ಮೀಟರ್ ದೂರದವನಿಗೆ ಕೇಳಿಸುವುದಿಲ್ಲ. ಅಂದರೆ ಪಂದ್ಯದ ಅತಿ ಬಿಗಿಯಾದ ಹೊತ್ತಿನಲ್ಲಿ ನಮ್ಮ ಆರು ಜನರಲ್ಲಿ ಯಾರಿಗೂ ಭಾಷೆ ಇರುವುದಿಲ್ಲ. ಎಲ್ಲರೂ ಕಣ್ಣಿನಲ್ಲೇ ಆಡಬೇಕು. ನಾನು ಅಲ್ಲಿಗೆ ಹೋದ ದಿನದಿಂದ ಕಣ್ಣಿನಲ್ಲೇ ಆಡುತ್ತಿದ್ದೇನೆ. ಅಭ್ಯಾಸದಲ್ಲಿ ಮಾತು ಅರ್ಥವಾಗದಿದ್ದಾಗ ಭುಜ ನೋಡುತ್ತಿದ್ದೆ, ಪಾದ ಎತ್ತ ತಿರುಗಿದೆ ನೋಡುತ್ತಿದ್ದೆ. ಬೇರೆಯವರಿಗೆ ಐದನೇ ಸೆಟ್‌ನಲ್ಲಿ ಬೇಕಾಗುವ ಕೌಶಲ ನನಗೆ ಮೊದಲ ದಿನವೇ ಬೇಕಾಗಿತ್ತು.

ಹೋದ ಸೀಸನ್ನಿನ ಒಂದು ಹೋಂ ಪಂದ್ಯ ನೆನಪಾಗುತ್ತದೆ. ಪಾಯಿಂಟ್ ಪಟ್ಟಿಯಲ್ಲಿ ನಾವು ಕೆಳಗಿದ್ದೆವು. 3–0 ಅಥವಾ 3–1ರಲ್ಲಿ ಗೆದ್ದರೆ 3 ಪಾಯಿಂಟ್. 3–2 ಆದರೆ ಗೆದ್ದವರಿಗೆ 2, ಸೋತವರಿಗೆ 1. ಎರಡೆರಡು ಸೆಟ್ ಆಗಿ ಪಂದ್ಯ ಐದನೇ ಸೆಟ್‌ಗೆ ಬಂದಿತ್ತು. ಈ ಸೆಟ್ 25ಕ್ಕಲ್ಲ, 15ಕ್ಕೆ. 8ಕ್ಕೆ ಬದಿ ಬದಲಾಯಿಸಬೇಕು. 6–8ರಲ್ಲಿ ಹಿಂದೆ ಬಿದ್ದು ಬದಿ ಬದಲಿಸಿದೆವು. ಡ್ರಮ್ ಗುಂಪು ಈಗ ನಮ್ಮ ಬೆನ್ನ ಹಿಂದೆ.

13–13. ಸರ್ವ್ ಅವರದು. ನಾನು ಎಡಗಡೆ, ಪಕ್ಕದಲ್ಲಿ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಚೆಂಡು ಎತ್ತುವುದಕ್ಕೇ ಇರುವ ಆಟಗಾರ. ಸೀಟಿಗೆ ಮೊದಲೇ ಅವನು ತೊಡೆಯ ಹತ್ತಿರ ಬೆರಳಿನಲ್ಲಿ ತೋರಿಸಿದ್ದ, ಇಬ್ಬರ ನಡುವೆ ಬಂದರೆ ಉದ್ದದ್ದು ತನ್ನದು, ಗಿಡ್ಡದ್ದು ನನ್ನದು. ಚೆಂಡು ಸರಿಯಾಗಿ ನಡುವೆಯೇ ಬಂತು. ಅವನ ಭುಜ ಹಿಂದಕ್ಕೆ ಸರಿದದ್ದು ಕಣ್ಣಂಚಿನಲ್ಲಿ ಕಂಡಿತು. ಅಂದರೆ ನನಗೆ ಬಿಟ್ಟಿದ್ದಾನೆ. ಮುಂಗೈ ಒಡ್ಡಿದೆ, ಚೆಂಡು ನೆಟ್ ಹತ್ತಿರ ಎದ್ದಿತು. ನಾನು ಆಗಲೇ ಗೆರೆಯ ಹೊರಗಿನಿಂದ ಓಟ ಶುರು ಮಾಡಿದ್ದೆ. ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಅದನ್ನು ನನಗೇ ಕೊಟ್ಟ. ಎದುರಿಗೆ ಇಬ್ಬರ ಬ್ಲಾಕ್. ಹೊರಗಿನ ಕೈಗೆ ತಾಗಿಸಿ ಹೊಡೆದೆ, ಚೆಂಡು ಗ್ಯಾಲರಿಗೆ ಹೋಯಿತು. 14–13. ಇಷ್ಟೂ ನಡೆಯುವಾಗ ಯಾರೂ ಯಾರಿಗೂ ಒಂದು ಮಾತೂ ಹೇಳಿರಲಿಲ್ಲ.

ಸೆಟ್ಟರ್ ನನಗೇ ಕೊಟ್ಟದ್ದರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಪ್ರೀತಿ, ಗೌರವ ಎಲ್ಲ ಬಾಯಲ್ಲಿ ಎಷ್ಟು ಬೇಕಾದರೂ ಹೇಳಬಹುದು. ಒಂದು ತಂಡ ನಿಮ್ಮನ್ನು ತನ್ನವರು ಅಂದುಕೊಂಡಿದೆಯೋ ಇಲ್ಲವೋ ತಿಳಿಯಬೇಕಾದರೆ ಸ್ಕೋರ್ 13–13 ಇರುವಾಗ ಚೆಂಡು ಯಾರಿಗೆ ಹೋಗುತ್ತದೆ ನೋಡಿ. ನನಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಅವರು ಮುಂದಿನ ಪಾಯಿಂಟ್ ತಗೊಂಡರು, 14–14. ಕೋಚ್ ಟೈಂ ಔಟ್ ಕೇಳಿದರು. ಪ್ರತಿ ಸೆಟ್‌ಗೆ ಎರಡು, ತಲಾ 30 ಸೆಕೆಂಡು. ನನ್ನ ಪಾಲಿಗೆ ಪರದೇಶ ಅನ್ನುವುದು ಈ 30 ಸೆಕೆಂಡು. ಕೋಚ್ ವೇಗವಾಗಿ ಮಾತಾಡುತ್ತಾರೆ. ಸಾಧಾರಣ ದಿನ ನನಗೋಸ್ಕರ ನಿಧಾನ ಮಾಡುತ್ತಾರೆ, ಅಂಥ ಹೊತ್ತಿನಲ್ಲಿ ಅದು ಅವರಿಗೆ ನೆನಪಿರುವುದಿಲ್ಲ, ಇರಬೇಕು ಅಂತ ನಾನು ಬಯಸುವುದೂ ಇಲ್ಲ. ಸುತ್ತ ಎಲ್ಲರೂ ತಲೆಯಾಡಿಸುತ್ತಾರೆ. ಯಾರೋ ಏನೋ ಅನ್ನುತ್ತಾರೆ, ಇನ್ನೊಬ್ಬ ನಕ್ಕು ಹಗುರಾಗುತ್ತಾನೆ. ಆ ನಗು ನನಗೆ ಸಿಗುವುದಿಲ್ಲ. ಅವತ್ತು ನನಗೆ ಮಾತಿನ ಅರ್ಧ ಅರ್ಥವಾಯಿತು. ಸೀಟಿ ಊದಿ ಅಂಕಣಕ್ಕೆ ವಾಪಸ್ ನಡೆಯುವಾಗ ಸೆಟ್ಟರ್ ನನ್ನ ಮೊಣಕೈ ಹಿಡಿದು ಎರಡು ಬೆರಳು ತೋರಿಸಿದ, ಆಮೇಲೆ ಬ್ಲಾಕ್ ಯಾವ ಕಡೆ ಮುಚ್ಚಬೇಕು ಅಂತ ತನ್ನ ಅಂಗೈ ಒಡ್ಡಿ ತೋರಿಸಿದ. ಉಳಿದರ್ಧ ಸಿಕ್ಕಿತು. ಮುಂದಿನ ರ‍್ಯಾಲಿ ನಮ್ಮದಾಯಿತು, ಅದರ ಮುಂದಿನದನ್ನು ಬ್ಲಾಕ್‌ನಲ್ಲಿ ಮುಗಿಸಿದೆವು. 16–14.

ರೆಫರಿ ಹತ್ತಿರ ಮಾತಾಡುವ ಅಧಿಕಾರ ಆ ಹೊತ್ತಿಗೆ ಅಂಕಣದಲ್ಲಿರುವ ಕ್ಯಾಪ್ಟನ್‌ಗೆ ಮಾತ್ರ. ಹಾಗಾಗಿ ಜಗಳ ಕಾಯುವ ಕೆಲಸದಲ್ಲಿ ಭಾಷೆ ಬಾರದವನಿಗೆ ನಷ್ಟವೇನಿಲ್ಲ. ರೆಫರಿಗಳ ಕೈ ಸನ್ನೆಗಳು ಜಗತ್ತಿಗೆಲ್ಲ ಒಂದೇ. ಹೊಸದರಲ್ಲಿ ಆ ಇಡೀ ಹಾಲ್‌ನಲ್ಲಿ ನನಗೆ ಪೂರ್ತಿ ಅರ್ಥವಾಗುತ್ತಿದ್ದವರು ರೆಫರಿ ಒಬ್ಬರೇ.

ಸೋತ ದಿನದ ಭಾರ ಬೇರೆ ಥರ. ಇದನ್ನು ಮುಚ್ಚಿಡುವುದು ಸರಿಯಲ್ಲ. ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋಗಬೇಕಾದರೆ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ ಬೇಕು, ಎರಡೂ ದೇಶಗಳ ವಾಲಿಬಾಲ್ ಒಕ್ಕೂಟಗಳು ಒಪ್ಪಬೇಕು. ಅನೇಕ ಲೀಗ್‌ಗಳಲ್ಲಿ ಹೊರದೇಶದವರಿಗೆ ಮಿತಿಯೂ ಇದೆ. ಇಟಲಿಯ ಗಂಡಸರ ಅಗ್ರ ಲೀಗ್‌ನಲ್ಲಿ ಅಂಕಣದ ಮೇಲೆ ಯಾವಾಗಲೂ ಕನಿಷ್ಠ 3 ಇಟಲಿ ಆಟಗಾರರು ಇರಬೇಕು. ನಾನು ಆ ಮಟ್ಟದಲ್ಲಿ ಆಡುವವನಲ್ಲ, ಆದರೆ ಲೆಕ್ಕಾಚಾರ ಎಲ್ಲ ಕಡೆ ಒಂದೇ. ಇರುವ ಕೆಲವೇ ಜಾಗಗಳಲ್ಲಿ ಒಂದನ್ನು ನಿಮಗೆ ಕೊಟ್ಟಿರುತ್ತಾರೆ, ಅದೂ ಹೆಚ್ಚಾಗಿ ಪಾಯಿಂಟ್ ಹೊಡೆಯಲಿ ಅಂತ. ಅಲ್ಲಿಯ ಹುಡುಗ ಕೆಟ್ಟದಾಗಿ ಆಡಿದರೆ ಇವತ್ತು ಇವನ ದಿನ ಅಲ್ಲ ಅನ್ನುತ್ತಾರೆ. ಹೊರಗಿನವನು ಕೆಟ್ಟದಾಗಿ ಆಡಿದರೆ ಇವನನ್ನು ಯಾಕೆ ಕರೆಸಿದರು ಅನ್ನುತ್ತಾರೆ. ಇದು ಅನ್ಯಾಯ ಅಂತ ನನಗೆ ಅನಿಸಿಲ್ಲ. ಹಾಗೆ ಕೇಳುವಷ್ಟು ಆ ತಂಡವನ್ನು ಹಚ್ಚಿಕೊಂಡ ಜನರ ಮುಂದೆ ಆಡುವುದೇ ನನಗೆ ಇಷ್ಟ.

ಹಾಗೆ ಹಚ್ಚಿಕೊಳ್ಳುವ ಜನ ಒಮ್ಮೊಮ್ಮೆ ಎಲ್ಲಿಯವರು ಅನ್ನುವುದನ್ನು ಪೂರ್ತಿ ಮರೆಯುತ್ತಾರೆ. ಕೊರಿಯಾದ ಕಿಮ್ ಯೋನ್‌ಕುಂಗ್ 2011ರಿಂದ 2017ರವರೆಗೆ ಇಸ್ತಾಂಬುಲ್‌ನ ಫೆನರ್‌ಬಾಹ್ಚೆ ಕ್ಲಬ್‌ಗೆ ಆಡಿದರು, ಮೊದಲ ವರ್ಷವೇ ಯುರೋಪಿನ ಚಾಂಪಿಯನ್ಸ್ ಲೀಗ್ ಗೆಲ್ಲಿಸಿಕೊಟ್ಟರು. ನನಗೆ ಇನ್ನೂ ಹತ್ತಿರದ ಹೆಸರು ಜಿಮ್ಮಿ ಜಾರ್ಜ್. ಕೇರಳದವರು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಭಾರತ ವಾಲಿಬಾಲ್ ತಂಡದಲ್ಲಿದ್ದರು. 1980ರ ದಶಕದಲ್ಲಿ ಇಟಲಿಗೆ ಹೋಗಿ ಅಲ್ಲಿಯ ಕ್ಲಬ್‌ಗಳಿಗೆ ಆಡಿದರು. 1987ರ ನವೆಂಬರ್ 30ರಂದು ಅಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 32 ವರ್ಷ. ಇಟಲಿಯ ಮೋಂತಿಕ್ಯಾರಿಯಲ್ಲಿ ಆಮೇಲೆ ಕಟ್ಟಿದ ಒಳಾಂಗಣ ಕ್ರೀಡಾಂಗಣಕ್ಕೆ ಅವರ ಹೆಸರನ್ನೇ ಇಟ್ಟರು, ಪಾಲಾಜಾರ್ಜ್ ಅಂತ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಹೋಂ ಪಂದ್ಯ ಆಡುವುದು ಹೊರಗಿನಿಂದ ಬಂದ ಒಬ್ಬರ ಹೆಸರಿನ ಸೂರಿನಡಿ. ಎಲ್ಲರೂ ಕೇಳುವ ಆ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಹೊರಗೆ ಹೋಗಲು ಸಜ್ಜಾಗುತ್ತಿರುವವರಿಗೆ ನಾನು ಹೇಳುವುದು ಇಷ್ಟೇ. ಆಟದ ಬಗ್ಗೆ ಭಯ ಬೇಡ, ಟೈಂ ಔಟ್‌ಗೆ ತಯಾರಾಗಿ. ಕೋಚ್ ಆ 30 ಸೆಕೆಂಡಿನಲ್ಲಿ ಹೇಳುವ ಸಂಗತಿಗಳು ಬಹಳ ಇಲ್ಲ. ಯಾವ ಜಾಗಕ್ಕೆ ಸರ್ವ್, ಬ್ಲಾಕ್ ಯಾವ ಕಡೆ ಬಿಗಿ, ಎದುರಾಳಿಗಳಲ್ಲಿ ಯಾರ ಮೇಲೆ ಕಣ್ಣು. ಅಂಕಣದ ಜಾಗಗಳಿಗೆ 1ರಿಂದ 6ರವರೆಗಿನ ಅಂಕಿಗಳು ಎಲ್ಲ ದೇಶದಲ್ಲೂ ಒಂದೇ, ಅಲ್ಲಿಯ ಭಾಷೆಯಲ್ಲಿ ಆರು ಅಂಕಿ ಕಲಿತರೆ ಅರ್ಧ ಕೆಲಸ ಆಯಿತು. ಅಭ್ಯಾಸ ಮುಗಿದ ಮೇಲೆ ಸಹಾಯಕ ಕೋಚ್ ಜೊತೆ ಕೂತು ಹಳೆಯ ಪಂದ್ಯಗಳ ಟೈಂ ಔಟ್‌ಗಳನ್ನು ಮಾತ್ರ ವಿಡಿಯೊದಲ್ಲಿ ನೋಡಿ. ಅರ್ಥವಾಗದಿದ್ದರೆ ತಲೆಯಾಡಿಸಬೇಡಿ, ಅಲ್ಲೇ ಕೇಳಿ. ಸುಮ್ನೆ ಹೂಂ ಅಂದುಬಿಟ್ಟರೆ ಅದರ ಬೆಲೆ ಉಳಿದ ಐದು ಜನ ತೆರಬೇಕಾಗುತ್ತದೆ.

ಆ ಪಂದ್ಯ ಆದ ವಾರವೇ ನಾನು ಕೋಚ್ ಹತ್ತಿರ ಹೋಗಿ, ಟೈಂ ಔಟ್‌ನಲ್ಲಿ ಮೊದಲು ಬೋರ್ಡ್ ಮೇಲೆ ಗುರುತು ಹಾಕಿ ತೋರಿಸಿ, ಮಾತು ಆಮೇಲೆ ಇರಲಿ ಅಂತ ಕೇಳಿಕೊಂಡೆ. ಅವರು ಒಪ್ಪಿದರು. ಈಗ ಮೊದಲ ಹತ್ತು ಸೆಕೆಂಡು ಬರೀ ಬೋರ್ಡ್. ಶುರುವಾಗಿದ್ದು ನನಗೋಸ್ಕರ. ಮೊನ್ನೆ ಒಂದು ಪಂದ್ಯದಲ್ಲಿ ಕೋಚ್ ನೇರವಾಗಿ ಮಾತಿಗೆ ಇಳಿದಾಗ, ಬೋರ್ಡ್ ಎಲ್ಲಿ ಅಂತ ಕೇಳಿದವನು ನಮ್ಮ ಲಿಬೆರೊ. ಆ ಡ್ರಮ್ ಸದ್ದಿನಲ್ಲಿ ಅವನಿಗೂ ಏನೂ ಕೇಳಿಸುತ್ತಿರಲಿಲ್ಲ.